ಗೋಕರ್ಣದ ಬಂಡೆ ಸಾಲಲ್ಲಿ ಎರಡು ದಿನ: ಕ್ಲಬ್ ಜೊತೆ ಮೊದಲ ಸಲ ಸೀ ಕಯಾಕಿಂಗ್ ಹೊರಡೋರಿಗೆ

ಕೆರೇಲೋ ಕಾಳಿ ಹಿನ್ನೀರಲ್ಲೋ ಕಯಾಕ್ ಓಡಿಸಿ ಕೈ ಕುದುರಿದೆ, ಈಗ ಕ್ಲಬ್ಬಿನವರ ಜೊತೆ ಒಂದು ವೀಕೆಂಡ್ ಸಮುದ್ರಕ್ಕೆ ಹೋಗ್ಬೇಕು ಅಂತಿದೀರ, ಅಂಥವರಿಗೆ ಇದು. ಜಾಗ ಗೋಕರ್ಣದಿಂದ ದಕ್ಷಿಣಕ್ಕೆ ಹೋಗೋ ಬಂಡೆ ಸಾಲು, ಅಂದ್ರೆ ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್, ಆಮೇಲೆ ಬೇಲೇಕಾನ, ಅದರಾಚೆ ಅಘನಾಶಿನಿ ನದಿ ಸಮುದ್ರ ಸೇರೋ ತದಡಿ ಅಳಿವೆ. ಮ್ಯಾಪಲ್ಲಿ ನೋಡಿದ್ರೆ ಏನೂ ದೂರ ಅಲ್ಲ, ಕೆರೇಲಿ ಒಂದು ಬೆಳಗ್ಗೆ ಇದಕ್ಕಿಂತ ಜಾಸ್ತಿ ಹುಟ್ಟು ಹಾಕಿರ್ತೀರ. ಆದ್ರೆ ಇಲ್ಲಿ ಕಿಲೋಮೀಟರ್ ಲೆಕ್ಕ ಹಿಡ್ಕೊಂಡು ಪ್ಲಾನ್ ಮಾಡ್ಬೇಡಿ. ಎಷ್ಟು ಗಂಟೆಗೆ ಯಾವ ಬಂಡೆ ಮುಂದೆ ಇರ್ತೀವಿ, ಅಲ್ಲಿ ಏನಾದ್ರೂ ಆದ್ರೆ ದಡ ಹತ್ತೋಕೆ ಹತ್ತಿರದ ಮರಳು ಎಲ್ಲಿದೆ, ಈ ಎರಡು ಪ್ರಶ್ನೆಗೆ ಉತ್ತರ ಇಟ್ಕೊಂಡು ಹೊರಟ್ರೆ ಮಿಕ್ಕಿದ್ದೆಲ್ಲ ತಾನಾಗೇ ಸರಿಹೋಗತ್ತೆ.

ಯಾಕೆ ಹೇಳ್ತಿದೀನಿ ಅಂದ್ರೆ ಈ ಬೀಚುಗಳ ಮಧ್ಯೆ ಇರೋದು ಗುಡ್ಡ ಸೀದಾ ನೀರಿಗೆ ಇಳಿದಿರೋ ಮೂತಿಗಳು. ಮೇಲೆ ಕೆಂಪು ಚಿರೇಕಲ್ಲು, ಕೆಳಗೆ ಕಪ್ಪು ಬಂಡೆ, ಬಂಡೆ ಮೇಲೆಲ್ಲ ಕೈ ಕಾಲು ಸೀಳೋ ಕಲ್ವ ಚಿಪ್ಪು. ಅಲ್ಲಿ ದೋಣಿ ನಿಲ್ಲಿಸೋಕೆ ಆಗಲ್ಲ, ಇಳಿಯೋಕೂ ಆಗಲ್ಲ. ಒಂದು ಬೀಚ್ ಬಿಟ್ರೆ ಮುಂದಿನ ಬೀಚ್ ಸಿಗೋವರೆಗೂ ನೀರಲ್ಲೇ ಇರ್ಬೇಕು. ಹಾಫ್ ಮೂನಿಗೂ ಪ್ಯಾರಡೈಸಿಗೂ ರಸ್ತೆ ಇಲ್ಲ, ಕಾಲ್ದಾರೀಲಿ ನಡೀಬೇಕು ಇಲ್ಲಾ ದೋಣೀಲಿ ಹೋಗ್ಬೇಕು, ಅದಕ್ಕೇ ಅಲ್ಲಿ ಯಾರಿಗಾದ್ರೂ ಪೆಟ್ಟಾದ್ರೆ ಆಂಬುಲೆನ್ಸ್ ಬಂದು ಕರ್ಕೊಂಡು ಹೋಗತ್ತೆ ಅಂದ್ಕೋಬೇಡಿ.

ಯಾವಾಗ ಹೋಗೋದು

ನವೆಂಬರ್ ಕೊನೆಯಿಂದ ಮಾರ್ಚ್ ಶುರುವರೆಗೂ ಒಳ್ಳೇ ಟೈಮು. ಜೂನಿಂದ ಸೆಪ್ಟೆಂಬರ್ ಮಾತೇ ಬೇಡ, ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಮೀನುಗಾರಿಕೆಗೇ ನಿಷೇಧ ಇರತ್ತೆ, ಆಗ ಆ ಕಡೆ ನೀರು ಹೇಗಿರತ್ತೆ ಅಂತ ದಡದಲ್ಲಿ ನಿಂತು ನೋಡಿದ್ರೆ ಸಾಕು. ಅಕ್ಟೋಬರಲ್ಲಿ ಮಳೆ ಕಮ್ಮಿ ಆಗಿರತ್ತೆ ಆದ್ರೆ ತೆರೆ ಇನ್ನೂ ಪೂರ್ತಿ ಇಳಿದಿರಲ್ಲ, ಮೊದಲ ಸಲದವರಿಗೆ ನಾನಂತೂ ಹೇಳಲ್ಲ. ಏಪ್ರಿಲ್ ಮೇನಲ್ಲಿ ಇನ್ನೊಂದು ತೊಂದರೆ ಇದೆ, ಒಮ್ಮೊಮ್ಮೆ ಇಲ್ಲಿ ಗಾಳಿನೇ ಇರಲ್ಲ, ಆಕಾಶ ನಿರ್ಮಲ, ಆದ್ರೂ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಎಲ್ಲೋ ಎದ್ದ ಬಿರುಗಾಳಿಯ ತೆರೆ ಸಾವಿರಾರು ಕಿಲೋಮೀಟರ್ ದಾಟಿ ಬಂದು ದಡಕ್ಕೆ ನುಗ್ಗತ್ತೆ. ಕೇರಳದವರು ಇದಕ್ಕೆ ಕಳ್ಳಕ್ಕಡಲ್ ಅಂತಾರೆ. ಹೈದರಾಬಾದಲ್ಲಿರೋ ಇನ್‌ಕಾಯಿಸ್ (INCOIS) ಅನ್ನೋ ಸಾಗರ ಮಾಹಿತಿ ಸಂಸ್ಥೆ ಇಂಥ ತೆರೆಗೆ ಮೊದಲೇ ಎಚ್ಚರಿಕೆ ಕೊಡತ್ತೆ, ಟ್ರಿಪ್ ಮುಂಚಿನ ಮೂರ್ನಾಲ್ಕು ದಿನ ಅವರ ಸಾಗರ ಮುನ್ಸೂಚನೆ ನೋಡ್ತಾ ಇರಿ, ಕರ್ನಾಟಕ ಕರಾವಳಿಗೆ ಎತ್ತರದ ಅಲೆ ಎಚ್ಚರಿಕೆ ಬಂದಿದ್ರೆ ಅವತ್ತೇ ಕ್ಯಾನ್ಸಲ್ ಮಾಡಿ, ಹೋಟೆಲ್ ಅಡ್ವಾನ್ಸ್ ಹೋದ್ರೆ ಹೋಗ್ಲಿ.

ಮುನ್ಸೂಚನೆ ನೋಡುವಾಗ ಜನ ಅಲೆ ಎತ್ತರ ಒಂದನ್ನೇ ನೋಡ್ತಾರೆ. ಪಕ್ಕದಲ್ಲೇ ಪೀರಿಯಡ್ ಅಂತ ಸೆಕೆಂಡ್ ಲೆಕ್ಕ ಇರತ್ತೆ, ಒಂದು ತೆರೆ ಬಂದ್ಮೇಲೆ ಇನ್ನೊಂದು ಬರೋಕೆ ಎಷ್ಟು ಹೊತ್ತು ಅಂತ. ಒಂದು ಮೀಟರ್ ಅಲೆ 6 ಸೆಕೆಂಡ್ ಪೀರಿಯಡ್ಡಲ್ಲಿ ಬಂದ್ರೆ ಕುಲುಕಾಟ ಅಷ್ಟೇ, ಅದೇ ಒಂದು ಮೀಟರ್ 14 ಸೆಕೆಂಡಲ್ಲಿ ಬಂದ್ರೆ ಹೊರಗಡೆ ನೀರು ನುಣ್ಣಗೆ ಕಾಣತ್ತೆ, ಆದ್ರೆ ಬಂಡೆ ಹತ್ತಿರ ಬಂದಾಗ ಎದ್ದು ನಿಲ್ಲತ್ತೆ, ಬೀಚಲ್ಲಿ ಧಡಾರ್ ಅಂತ ಒಡೆಯತ್ತೆ. ಹೊಸಬರು ಇರೋ ಗುಂಪಿಗೆ ಅಲೆ ಒಂದು ಮೀಟರ್ ಒಳಗೆ, ಪೀರಿಯಡ್ 10 ಸೆಕೆಂಡ್ ಒಳಗೆ, ಗಾಳಿ ಗಂಟೆಗೆ 15 ಕಿಲೋಮೀಟರ್ ಒಳಗೆ, ಇದು ನಾನು ಇಟ್ಕೊಂಡಿರೋ ಗೆರೆ. ಜನವರಿಯಿಂದ ಮಾರ್ಚ್ ಮಧ್ಯೆ ಪರ್ಷಿಯನ್ ಕೊಲ್ಲಿ ಕಡೆ ಶಮಾಲ್ ಗಾಳಿ ಎದ್ದಾಗ ಅದರ ತೆರೆ ವಾಯುವ್ಯದಿಂದ ಇಲ್ಲಿವರೆಗೂ ಬರತ್ತೆ, ಆಗಲೂ ಎರಡು ದಿನ ಕಾಯೋದು ವಾಸಿ.

ಗಾಳಿ ಕಥೆ

ಚಳಿಗಾಲದಲ್ಲಿ ಈ ಕರೇಲಿ ಗಾಳಿ ದಿನಾ ಒಂದೇ ಕ್ರಮದಲ್ಲಿ ನಡೆಯತ್ತೆ. ರಾತ್ರಿ ನೆಲ ತಣ್ಣಗಾಗತ್ತೆ, ಬೆಳಗಿನ ಜಾವ ಘಟ್ಟದ ಕಡೆಯಿಂದ ಸಮುದ್ರದ ಕಡೆ ಗಾಳಿ ಬೀಸತ್ತೆ. ಒಂಬತ್ತು ಹತ್ತರ ಹೊತ್ತಿಗೆ ಅದು ಸತ್ತು ಸ್ವಲ್ಪ ಹೊತ್ತು ಎಲ್ಲಾ ನಿಶ್ಚಲ, ಆಮೇಲೆ ನೆಲ ಕಾದಂಗೆಲ್ಲ ಸಮುದ್ರದಿಂದ ಗಾಳಿ ಶುರು, ಪಶ್ಚಿಮ ವಾಯುವ್ಯದಿಂದ, ಮಧ್ಯಾಹ್ನ ಎರಡು ಮೂರಕ್ಕೆ ಜೋರು, ಬಿಳಿ ನೊರೆ ಎದ್ದಿರತ್ತೆ. ಮೀನುಗಾರರು ಹನ್ನೊಂದರ ಒಳಗೆ ವಾಪಸ್ ಬನ್ನಿ ಅಂತಾರಲ್ಲ, ಅದು ಇದಕ್ಕೇ.

ಬೆಳಗಿನ ಗಾಳಿನ ಹಗುರ ಮಾಡ್ಬೇಡಿ. ಗುಡ್ಡದ ಬುಡದಲ್ಲಿ ಇರೋವಾಗ ಗಾಳಿನೇ ಗೊತ್ತಾಗಲ್ಲ, ನೀರು ಕನ್ನಡಿ, ಖುಷಿಯಾಗಿ ಫೋಟೋ ತಕ್ಕೊಳ್ತಾ ಒಂದಿನ್ನೂರು ಮೀಟರ್ ಹೊರಗೆ ಹೋದ್ರೆ ಬೆನ್ನಿಗೆ ಗಾಳಿ ತಗುಲತ್ತೆ, ಆ ಗಾಳಿ ದಡದಿಂದ ಆಚೆ ತಳ್ಳೋ ಗಾಳಿ, ಪ್ಯಾಡಲ್ ಮಡಿಲಲ್ಲಿಟ್ಟು ಮಾತಾಡ್ತಾ ಕೂತೋರು ತಿರುಗಿ ನೋಡಿದಾಗ ಬೀಚ್ ಸಣ್ಣದಾಗಿರತ್ತೆ. ಅದಕ್ಕೆ ಬೆಳಗ್ಗೆ ಹೊತ್ತು ದಡಕ್ಕೆ ಹತ್ತಿರ ಇರಿ, ಫೋಟೋ ಬೇಕಾದ್ರೆ ಇಬ್ಬರು ದೋಣಿ ಪಕ್ಕಪಕ್ಕ ಹಿಡ್ಕೊಳ್ಳಿ, ಮೂರನೆಯವರು ದಡ ನೋಡ್ತಾ ಇರ್ಲಿ.

ಭರತ ಇಳಿತ, ಮತ್ತೆ ಅಳಿವೆ

ಇಲ್ಲಿ ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ, ಎರಡೂ ಒಂದೇ ಎತ್ತರ ಇರಲ್ಲ, ದಿನಾ ಸುಮಾರು 50 ನಿಮಿಷ ಮುಂದಕ್ಕೆ ಹೋಗತ್ತೆ. ಹುಣ್ಣಿಮೆ ಅಮಾವಾಸ್ಯೆ ಆದ್ಮೇಲಿನ ಒಂದೆರಡು ದಿನ ನೀರಿನ ಏರಿಳಿತ ಜಾಸ್ತಿ, ಅಷ್ಟಮಿ ಆಸುಪಾಸು ಕಮ್ಮಿ. ಮನೇಲಿ ಕ್ಯಾಲೆಂಡರ್ ನೇತಾಕಿರ್ತೀರಲ್ಲ, ತಿಥಿ ನೋಡಿ ವೀಕೆಂಡ್ ಆರಿಸ್ಕೋಬಹುದು, ಮೊದಲ ಟ್ರಿಪ್ಪಿಗೆ ಅಷ್ಟಮಿ ಹತ್ತಿರದ ಶನಿವಾರ ಭಾನುವಾರ ಹುಡುಕಿ. ಸರಿಯಾದ ಗಂಟೆಗೆ ಕಾರವಾರ ಬಂದರಿನ ಟೈಡ್ ಟೇಬಲ್ ನೋಡಿ. ಏರಿಳಿತ ದೊಡ್ಡ ದಿನದಲ್ಲೂ ಎರಡು ಮೀಟರ್ ಆಸುಪಾಸೇ, ಗುಜರಾತಿನ ಕಡೆಗೆ ಹೋಲಿಸಿದ್ರೆ ಏನೂ ಅಲ್ಲ, ಹಾಗಾಗಿ ಬೀಚುಗಳ ಮುಂದೆ ಭರತ ಇಳಿತದ ಸೆಳೆತ ಅಷ್ಟಾಗಿ ಕಾಡಲ್ಲ. ಕಾಡೋದು ತದಡಿ ಅಳಿವೇಲಿ.

ಅಘನಾಶಿನಿಗೆ ಎಲ್ಲೂ ಅಣೆಕಟ್ಟು ಇಲ್ಲ, ಒಳಗಡೆ ಗಜನಿ (ಉಪ್ಪು ನೀರಿನ ಗದ್ದೆ), ಕಾಂಡ್ಲಾ ಕಾಡು (ಮ್ಯಾಂಗ್ರೋವ್), ಹಿನ್ನೀರು ಎಲ್ಲಾ ಸೇರಿ ಭಾರೀ ಹರವು, 2024ರಲ್ಲಿ ಮಹತ್ವದ ಜೌಗು ಪ್ರದೇಶಗಳ ಅಂತಾರಾಷ್ಟ್ರೀಯ ಪಟ್ಟಿ ಆದ ರಾಮ್ಸರ್‌ಗೂ ಸೇರಿದೆ. ಭರತದಲ್ಲಿ ಆ ಹರವು ತುಂಬೋಕೆ, ಇಳಿತದಲ್ಲಿ ಖಾಲಿ ಆಗೋಕೆ ಇರೋದು ಒಂದೇ ಬಾಯಿ. ಇಳಿತದ ನೀರು ಹೊರಗೆ ಓಡ್ತಿರೋವಾಗ ಎದುರಿಂದ ಸಮುದ್ರದ ತೆರೆ ಬಂದ್ರೆ ಮರಳ ದಿಬ್ಬದ ಮೇಲೆ ತೆರೆ ಕಡಿದಾಗಿ ನಿಂತು ಒಡೆಯತ್ತೆ, ಮಧ್ಯಾಹ್ನದ ಗಾಳಿನೂ ಸೇರ್ಕೊಂಡ್ರೆ ಅಲ್ಲಿ ಕಯಾಕಿಗೆ ಕೆಲಸ ಇಲ್ಲ. ಲೆಕ್ಕ ಸುಲಭ, ಆರು ಗಂಟೆ ಇಳಿತದಲ್ಲಿ ಮೊದಲ ಗಂಟೆ ಹನ್ನೆರಡರಲ್ಲಿ ಒಂದು ಪಾಲು ನೀರು ಇಳಿಯತ್ತೆ, ಎರಡನೇದು ಎರಡು ಪಾಲು, ಮೂರು ನಾಲ್ಕನೇ ಗಂಟೆ ಮೂರು ಮೂರು ಪಾಲು, ಆಮೇಲೆ ಎರಡು, ಒಂದು. ಅಂದ್ರೆ ಮಧ್ಯದ ಎರಡು ಗಂಟೇಲಿ ಅರ್ಧ ನೀರು ಓಡಿ ಹೋಗಿರತ್ತೆ. ಆ ಎರಡು ಗಂಟೆ ಅಳಿವೆ ಬಾಯಿ ಕಡೆ ತಲೆ ಹಾಕ್ಬೇಡಿ. ದಾಟಲೇಬೇಕು ಅಂದ್ರೆ ಭರತ ತುಂಬಿ ನಿಂತಿರೋ ಹೊತ್ತಲ್ಲಿ, ಎಲ್ಲರೂ ಒಟ್ಟಿಗೆ. ಅಲ್ಲೇ ತದಡಿ ಬಂದರಿನ ಟ್ರಾಲರ್ ಓಡಾಡೋ ದಾರಿ, ನೀರಿನ ಮಟ್ಟಕ್ಕೇ ಕೂತಿರೋ ನಿಮ್ಮ ತಲೆ ಅವರ ಸ್ಟೀರಿಂಗ್ ಹತ್ತಿರದಿಂದ ಕಾಣೋದೇ ಇಲ್ಲ. ಬೋಟ್ ಬರ್ತಿದ್ರೆ ನಾವು ನಿಂತು ಬಿಡಬೇಕು, ಅವರು ಹೊಟ್ಟೆಪಾಡಿಗೆ ಹೊರಟೋರು.

ಹೊರಡೋ ಮುಂಚೆ

ಕ್ಲಬ್ಬಿಗೆ ಕೇಳ್ಬೇಕಾದ್ದನ್ನ ನಾಚಿಕೆ ಬಿಟ್ಟು ಕೇಳಿ. ನಾಲ್ಕು ಜನ ಹೊಸಬರಿಗೆ ಒಬ್ಬರು ಅನುಭವಸ್ಥರು ಇದಾರಾ, ಸುಸ್ತಾದೋರ ದೋಣಿ ಎಳೆಯೋ ಹಗ್ಗ, ಅಂದ್ರೆ ಟೋ ಲೈನ್, ಯಾರ ಹತ್ರ ಇರತ್ತೆ, ದಡದಲ್ಲಿ ಯಾರು ಇರ್ತಾರೆ, ಯಾವ ಪರಿಸ್ಥಿತೀಲಿ ಕ್ಯಾನ್ಸಲ್ ಮಾಡ್ತೀರ. ನೋಡ್ಕೊಂಡು ಮಾಡೋಣ ಬಿಡಿ ಅನ್ನೋ ಕ್ಲಬ್ ಆದ್ರೆ ನೀವೂ ಬೇರೆ ಕ್ಲಬ್ ನೋಡ್ಕೊಳ್ಳಿ.

ದೋಣಿ ವಿಷಯ, ಬೀಚಲ್ಲಿ ಬಾಡಿಗೆಗೆ ಸಿಗೋ ಗಿಡ್ಡ ಅಗಲದ, ಮೇಲೇ ಕೂರೋ ಸಿಟ್ ಆನ್ ಟಾಪ್ ಕಯಾಕ್ ಕೊಲ್ಲಿ ಒಳಗೆ ಆಟ ಆಡೋಕೆ ಸರಿ, ಬಂಡೆ ಮೂತಿ ಸುತ್ತೋಕೆ ಬೇಡ. 14ರಿಂದ 17 ಅಡಿ ಉದ್ದದ ಸೀ ಕಯಾಕ್ ಬೇಕು, ಮುಂದೆ ಹಿಂದೆ ಮುಚ್ಚಿದ ಹ್ಯಾಚ್, ಅಂದ್ರೆ ಸಾಮಾನಿಡೋ ಖಾನೆ, ಇರ್ಬೇಕು, ಮಗುಚಿದ್ರೂ ಮುಳುಗಬಾರದು, ಸುತ್ತ ಹಿಡ್ಕೊಳ್ಳೋಕೆ ಡೆಕ್ ಲೈನ್ ಇರ್ಬೇಕು. ಹ್ಯಾಚ್ ಮುಚ್ಚಳದ ರಬ್ಬರ್ ಅಂಚನ್ನ ಬೆರಳಲ್ಲಿ ಸುತ್ತ ಒತ್ತಿ ನೋಡಿ, ಒಂದು ಕಡೆ ಮರಳು ಸಿಕ್ಕಾಕೊಂಡಿದ್ರೂ ನೀರು ಒಳಗೆ ಹೋಗತ್ತೆ, ಅರ್ಧ ನೀರು ತುಂಬಿದ ದೋಣಿ ನಿಮ್ಮ ಮಾತು ಕೇಳಲ್ಲ. ಲೈಫ್ ಜಾಕೆಟ್ ಹಾಕ್ಕೊಂಡು ಭುಜದ ಪಟ್ಟಿನ ಇನ್ನೊಬ್ಬರ ಕೈಲಿ ಮೇಲಕ್ಕೆ ಎಳೆಸಿ, ಕಿವಿವರೆಗೂ ಬಂದ್ರೆ ಅದು ಸಡಿಲ.

ಇಲ್ಲಿ ನೀರು ವರ್ಷಪೂರ್ತಿ ಬೆಚ್ಚಗೇ ಇರತ್ತೆ, ವೆಟ್‌ಸೂಟ್ ಬೇಡ, ನಿಜವಾದ ಶತ್ರು ಬಿಸಿಲು. ಪೂರ್ತಿ ತೋಳಿನ ರ‍್ಯಾಶ್ ಗಾರ್ಡ್, ಗಲ್ಲಕ್ಕೆ ದಾರ ಇರೋ ಟೋಪಿ, ಬಂಡೆ ಹತ್ತಿರ ಹೋಗೋರಿಗೆ ಹೆಲ್ಮೆಟ್, ತೆಳ್ಳಗಿನ ಅಡಿಯ ಹಳೇ ಶೂ. ಚಪ್ಪಲಿ ಬೇಡ, ಮೊದಲ ತೆರೆಗೇ ಹೋಗತ್ತೆ. ನೀರು ಒಬ್ಬೊಬ್ಬರಿಗೆ ದಿನಕ್ಕೆ ಮೂರು ಲೀಟರಿಗೆ ಕಮ್ಮಿ ಇಲ್ಲದೆ, ಅದರಲ್ಲಿ ಒಂದು ಬಾಟಲಿ ಓಆರ್‌ಎಸ್, ಅಥವಾ ಉಪ್ಪು ಬೆಲ್ಲ ಹಾಕಿದ ಮುರುಗಲು ಪಾನಕ, ಅದು ಬಿಸಿಲಿಗೆ ಬಹಳ ಒಳ್ಳೇದು. ತಿನ್ನೋಕೆ ಬಾಳೆಹಣ್ಣು, ಶೇಂಗಾ ಚಿಕ್ಕಿ, ಖರ್ಜೂರ, ಕೈ ಹಾಕಿದ್ರೆ ಸಿಗೋ ಕಡೆ ಇಡಿ. ಫೋನ್ ನೀರು ಹೋಗದ ಪೌಚಲ್ಲಿ ಹಾಕಿ ಲೈಫ್ ಜಾಕೆಟ್ ಜೇಬಲ್ಲೇ ಇರ್ಲಿ, ಹ್ಯಾಚ್ ಒಳಗಿಟ್ರೆ ಬೇಕಾದಾಗ ಸಿಗಲ್ಲ. ಸೀಟಿ, ನೀರು ಎತ್ತೋ ಪಂಪ್, ಫಸ್ಟ್ ಏಡ್, ಗುಂಪಿಗೊಂದು ಎಕ್ಸ್‌ಟ್ರಾ ಪ್ಯಾಡಲ್.

ನಂಬರ್ ಮೂರು ಸೇವ್ ಮಾಡ್ಕೊಳ್ಳಿ. ಕೋಸ್ಟ್ ಗಾರ್ಡ್ 1554, ಕರಾವಳಿ ಕಾವಲು ಪೊಲೀಸ್ 1093, ಇಲ್ಲಾಂದ್ರೆ 112. ಎಷ್ಟು ಜನ, ಯಾವ ಬಣ್ಣದ ದೋಣಿ, ಎಲ್ಲಿಂದ ಎಲ್ಲಿಗೆ, ಎಷ್ಟು ಗಂಟೆಗೆ ವಾಪಸ್ ಅಂತ ಒಂದು ಹಾಳೇಲಿ ಬರೆದು ದಡದಲ್ಲಿ ಇರೋರಿಗೆ ಕೊಡಿ, ಹತ್ತಿರದ ಕರಾವಳಿ ಕಾವಲು ಪೊಲೀಸ್ ಠಾಣೆಗೂ ಹಿಂದಿನ ದಿನ ತಿಳಿಸಿ. ಉತ್ತರಕ್ಕೆ ಕಾರವಾರದ ಹತ್ತಿರ ನೌಕಾನೆಲೆ ಇರೋದ್ರಿಂದ ಈ ಕರಾವಳೀಲಿ ಗುರುತಿಲ್ಲದ ದೋಣಿ ಬಗ್ಗೆ ಯಾವಾಗ್ಲೂ ಕಣ್ಣು ಇರತ್ತೆ, ಮೊದಲೇ ಹೇಳಿದ್ರೆ ಅವರಿಗೂ ಒಳ್ಳೇದು ನಮಗೂ ಒಳ್ಳೇದು.

ಬೆಂಗಳೂರಿಂದ ಬರೋರಿಗೆ ರಾತ್ರಿ ಹೊರಡೋ ಪಂಚಗಂಗಾ ಎಕ್ಸ್‌ಪ್ರೆಸ್ ಇದೆ, ಗೋಕರ್ಣ ರೋಡಲ್ಲಿ ಇಳಿದ್ರಾಯ್ತು. ದೋಣಿ ಕಾರಿನ ಮೇಲೆ ಹಾಕ್ಕೊಂಡು ಹುಬ್ಬಳ್ಳಿ ಅಂಕೋಲಾ ದಾರೀಲಿ ಬರೋರು ಯಲ್ಲಾಪುರದಲ್ಲಿ ಚಾ ಕುಡಿಯೋಕೆ ನಿಲ್ಲಿಸಿದಾಗ ಬೆಲ್ಟ್ ಎಲ್ಲಾ ಇನ್ನೊಂದು ಸಲ ಬಿಗಿ ಮಾಡಿ, ಮುಂದೆ ಅರಬೈಲ್ ಘಾಟಿನ ತಿರುವುಗಳಲ್ಲಿ ದೋಣಿ ಜಾರತ್ತೆ.

ಶನಿವಾರ: ಅಳಿವೆ ಒಳಗೆ ಪಾಠ

ಬಂದ ದಿನವೇ ಸಮುದ್ರಕ್ಕೆ ಹೋಗೋ ಆಸೆ ಇರತ್ತೆ, ತಡ್ಕೊಳ್ಳಿ. ಬೇಲೇಕಾನದವರೆಗೂ ರಸ್ತೆ ಇದೆ, ಅಲ್ಲೇ ಹೋಮ್‌ಸ್ಟೇ ಮಾಡ್ಕೊಂಡ್ರೆ ದೋಣಿ ಹೊರೋ ಕಷ್ಟ ಕಮ್ಮಿ. ಶನಿವಾರ ಭರತ ಏರೋ ಹೊತ್ತು ನೋಡ್ಕೊಂಡು ಅಳಿವೆ ಒಳಗಡೆ, ತದಡಿ ಬಂದರು ದಾಟಿ ಮೇಲಕ್ಕೆ ಹೋಗಿ. ನೀರು ಒಳಗೆ ಹರಿತಿರತ್ತೆ, ಯಾರಾದ್ರೂ ಸುಸ್ತಾದ್ರೂ ಸಮುದ್ರದ ಕಡೆ ಕೊಚ್ಕೊಂಡು ಹೋಗೋ ಭಯ ಇಲ್ಲ. ಭರತ ಇಳಿಯೋಕೆ ಶುರುವಾದ್ಮೇಲೆ ಅದರ ಜೊತೆಗೇ ಬಂದರಿನ ಹತ್ತಿರಕ್ಕೆ ವಾಪಸ್ ಬಂದು, ಇಳಿತ ಜೋರಾಗೋ ಮುಂಚೆ ದಡ ಹತ್ತಿ.

ಇಲ್ಲಿ ಮಾಡ್ಲೇಬೇಕಾದ್ದು ಬೀಳೋ ಅಭ್ಯಾಸ. ಸ್ಪ್ರೇ ಡೆಕ್, ಅಂದ್ರೆ ಸೊಂಟಕ್ಕೆ ಕಟ್ಟಿ ದೋಣೀಲಿ ಕೂರೋ ಗುಂಡಿ ಮುಚ್ಚೋ ಹೊದಿಕೆ, ಹಾಕ್ಕೊಂಡು ಬೇಕಂತಲೇ ಮಗುಚಿ. ತಲೆಕೆಳಗಾದ ತಕ್ಷಣ ಮೂಗಿಗೆ ನೀರು ನುಗ್ಗತ್ತೆ, ಎಲ್ಲಾ ಹಸಿರು ಕತ್ತಲೆ, ತೊಡೆ ಎರಡೂ ದೋಣಿಗೆ ಒತ್ತಿರತ್ತೆ, ಕೈ ತಾನಾಗೇ ಮೇಲಕ್ಕೆ ಈಜೋಕೆ ನೋಡತ್ತೆ. ಅದನ್ನ ತಡೆದು, ಮುಂದಕ್ಕೆ ಬಾಗಿ, ದೋಣಿ ತಳಕ್ಕೆ ಎರಡೂ ಕೈಲಿ ಮೂರು ಸಲ ಬಡೀರಿ, ಆಮೇಲೆ ಸ್ಪ್ರೇ ಡೆಕ್ಕಿನ ಮುಂದಿರೋ ಗ್ರ್ಯಾಬ್ ಲೂಪ್ ಅನ್ನೋ ಎಳೆಯೋ ಪಟ್ಟಿ ಹುಡುಕಿ ಮೊದಲು ಮುಂದಕ್ಕೆ ತಳ್ಳಿ ಆಮೇಲೆ ಮೇಲಕ್ಕೆ ಕೀಳಿ, ಸೊಂಟದ ಪಕ್ಕ ಕೈ ಊರಿ ಪ್ಯಾಂಟ್ ಬಿಚ್ಚೋ ತರ ದೋಣಿನ ಕಾಲಿಂದ ತಳ್ಳಿಬಿಡಿ. ಬಡಿಯೋದು ಯಾಕೆ ಅಂದ್ರೆ ಅಷ್ಟು ಹೊತ್ತಲ್ಲಿ ಗಾಬರಿ ಇಳಿದು ಬುದ್ಧಿ ವಾಪಸ್ ಬರತ್ತೆ, ಹತ್ತಿರ ಇರೋರಿಗೂ ಗೊತ್ತಾಗತ್ತೆ. ಹೊರಗೆ ಬಂದ್ಮೇಲೆ ದೋಣಿ ಬಿಡ್ಬೇಡಿ, ಪ್ಯಾಡಲ್ ಬಿಡ್ಬೇಡಿ. ಗ್ರ್ಯಾಬ್ ಲೂಪ್ ಸ್ಪ್ರೇ ಡೆಕ್ ಒಳಗೆ ಸಿಕ್ಕಾಕೊಂಡಿಲ್ಲ ಅಂತ ಹೊರಡೋ ಪ್ರತೀ ಸಲ ಒಬ್ಬರದ್ದು ಇನ್ನೊಬ್ಬರು ನೋಡ್ಬೇಕು, ಇದನ್ನ ನಾನು ಎಷ್ಟು ಸಲ ಹೇಳಿದ್ರೂ ಸಾಲಲ್ಲ.

ಆಮೇಲೆ ವಾಪಸ್ ಹತ್ತೋದು. ಕಾಪಾಡೋರು ಮಗುಚಿದ ದೋಣಿಯ ಮುಂದಿನ ತುದಿ ಹಿಡಿದು ತಮ್ಮ ದೋಣಿ ಮೇಲೆ ಅಡ್ಡ ಎಳ್ಕೋಬೇಕು, ಬೋರಲಾಗಿರೋದ್ರಿಂದ ನೀರೆಲ್ಲ ಸುರಿದು ಹೋಗತ್ತೆ, ತಿರುಗಿಸಿ ನೀರಿಗೆ ಬಿಟ್ಟು, ಬಿದ್ದೋರ ದೋಣಿ ಮೂತಿಗೆ ತಮ್ಮ ದೋಣಿ ಬಾಲ ಬರೋ ಹಾಗೆ ಪಕ್ಕಕ್ಕೆ ತಂದು, ಕಾಕ್‌ಪಿಟ್, ಅಂದ್ರೆ ಕೂರೋ ಗುಂಡಿ, ಅದರ ಅಂಚನ್ನ ತಬ್ಬಿ ಹಿಡ್ಕೋಬೇಕು. ಬಿದ್ದೋರು ಎರಡು ದೋಣಿ ಮಧ್ಯೆ ಬರದೆ ಹೊರಗಿನ ಪಕ್ಕದಿಂದ ಕಾಲು ಒದ್ದು ಹಿಂದಿನ ಡೆಕ್ ಮೇಲೆ ಹೊಟ್ಟೆ ಹಾಕಿ, ಕಾಲು ಕಾಕ್‌ಪಿಟ್ ಒಳಗೆ ಬಿಟ್ಟು, ಕಾಪಾಡೋರ ಕಡೆಗೆ ಮುಖ ಮಾಡ್ಕೊಂಡೇ ಮೈ ತಿರುಗಿಸಿ ಕೂತ್ಕೋಬೇಕು. ಪಂಪ್ ಮಾಡಿ ಸ್ಪ್ರೇ ಡೆಕ್ ಹಾಕೋವರೆಗೂ ಹಿಡಿದೋರು ಬಿಡಬಾರದು. ಗುಂಪಲ್ಲಿ ಪ್ರತಿಯೊಬ್ಬರೂ ಎರಡೂ ಕಡೆಯಿಂದ ಮಾಡಿ, ಒಂದು ಸಲ ಆಯ್ತು ಅಂತ ಬಿಡ್ಬೇಡಿ, ಸುಸ್ತಾದಾಗ ಇನ್ನೊಂದು ಸಲ ಮಾಡಿ, ನಿಜವಾಗಿ ಬೀಳೋದು ಸುಸ್ತಾದಾಗಲೇ.

ಸನ್ನೆ ಕಲೀರಿ. ಪ್ಯಾಡಲ್ ನೆಟ್ಟಗೆ ಮೇಲೆತ್ತಿದ್ರೆ ಬನ್ನಿ, ತಲೆ ಮೇಲೆ ಅಡ್ಡ ಹಿಡಿದ್ರೆ ಅಲ್ಲೇ ನಿಲ್ಲಿ, ತಲೆ ತಟ್ಕೊಂಡ್ರೆ ನಾನು ಸರಿ ಇದೀನಿ, ಸೀಟಿ ಮೂರು ಸಲ ಅಂದ್ರೆ ಅಪಾಯ.

ಸಂಜೆ ಬೇಲೇಕಾನದ ದಡದಲ್ಲಿ ಬಲೆ ಸರಿ ಮಾಡ್ತಾ ಕೂತಿರೋ ಹಿರಿಯರ ಹತ್ರ ಹೋಗಿ ಮಾತಾಡಿ. ಅಣ್ಣಾ ನಾಳೆ ಬೆಳಗ್ಗೆ ಓಂ ಬೀಚ್ ತನಕ ಹೋಗ್ಬೇಕು ಅಂತಿದೀವಿ, ನೀರು ಹೇಗಿದೆ ಅಂದ್ರೆ, ಅವರು ಸಮುದ್ರದ ಕಡೆ ಸ್ವಲ್ಪ ಹೊತ್ತು ನೋಡಿ, ಹೋಗಿ, ಮೂಲೆ ಬಂಡೆ ಹತ್ರ ಮಾತ್ರ ಹೋಗ್ಬೇಡಿ, ಅಲ್ಲಿ ಒಳಗೆ ಕಲ್ಲದೆ, ಒಮ್ಮೊಮ್ಮೆ ಮಾತ್ರ ಒಡೀತದೆ ಅಂತ ತೋರಿಸ್ತಾರೆ. ಅಂಥ ಕಲ್ಲು ಯಾವ ಆ್ಯಪಲ್ಲೂ ಇಲ್ಲ. ಅವರು ಬೇಡ ಅಂದ್ರೆ ಮುನ್ಸೂಚನೆ ಎಷ್ಟೇ ಚೆನ್ನಾಗಿದ್ರೂ ನಾನು ಹೋಗಲ್ಲ.

ಭಾನುವಾರ: ಬಂಡೆ ಸಾಲು

ಜನವರೀಲಿ ಸೂರ್ಯ ಹುಟ್ಟೋದು ಏಳರ ಆಸುಪಾಸು. ಬನ್ಸೋ ಅವಲಕ್ಕಿನೋ ಏನಾದ್ರೂ ತಿಂದು, ಬೆಳಕು ಹರಿಯೋ ಹೊತ್ತಿಗೆ ದೋಣಿ ನೀರಂಚಲ್ಲಿರ್ಬೇಕು. ಬೇಲೇಕಾನದಿಂದ ಪ್ಯಾರಡೈಸ್, ಹಾಫ್ ಮೂನ್, ಓಂ, ಅಲ್ಲಿ ಒಂದು ಚಾ, ಮತ್ತೆ ಅದೇ ದಾರೀಲಿ ವಾಪಸ್. ಉತ್ತರಕ್ಕೆ ಹೋಗೋದು ಬೆಳಗಿನ ಶಾಂತ ನೀರಲ್ಲಿ, ವಾಪಸ್ ಬರುವಾಗ ಗಾಳಿ ಎದ್ರೂ ಬೆನ್ನ ಹಿಂದಿಂದ ಇರತ್ತೆ, ಅದಕ್ಕೇ ಈ ದಿಕ್ಕು. ಉಲ್ಟಾ ಮಾಡಿದ್ರೆ ಸುಸ್ತಾದ ಹೊತ್ತಲ್ಲಿ ಎದುರುಗಾಳಿ. ಗುಂಪಿನ ವೇಗ ಗಂಟೆಗೆ ನಾಲ್ಕು ಕಿಲೋಮೀಟರ್ ಅಂತ ಹಿಡೀರಿ, ಒಬ್ಬೊಬ್ಬರೇ ಆರರಲ್ಲಿ ಹೋಗಬಲ್ಲರು, ಗುಂಪು ಹೋಗಲ್ಲ. ಒಂಬತ್ತೂವರೆಗೆ ಎಲ್ಲಿದ್ರೂ ಸರಿ ವಾಪಸ್ ತಿರುಗೋದು ಅಂತ ಶನಿವಾರ ರಾತ್ರೀನೇ ಎಲ್ಲರೂ ಒಪ್ಕೊಂಡಿರಿ, ಓಂ ಬೀಚ್ ಕಣ್ಣಿಗೆ ಕಾಣ್ತಿದ್ರೂ ಸಹ.

ಮೊದಲ ಮೂತಿ ಸುತ್ತೋವಾಗ್ಲೇ ಸಮುದ್ರ ಅಂದ್ರೇನು ಅಂತ ಗೊತ್ತಾಗತ್ತೆ. ಹೊರಗಿಂದ ಬಂದ ತೆರೆ ಗುಡ್ಡಕ್ಕೆ ಬಡಿದು ವಾಪಸ್ ಬರತ್ತೆ, ಬರ್ತಿರೋ ತೆರೆ ಹೋಗ್ತಿರೋ ತೆರೆ ಎರಡೂ ಸೇರಿ ನೀರು ಕುದಿಯೋ ಸಾರಿನ ಹಾಗೆ ಇದ್ದಲ್ಲೇ ಮೇಲೆ ಕೆಳಗೆ ಹಾರತ್ತೆ. ದೋಣಿ ಯಾವ ಕಡೆ ವಾಲತ್ತೆ ಅಂತ ಮೊದಲೇ ಹೇಳೋಕಾಗಲ್ಲ. ಹೊಸಬರು ಇಲ್ಲಿ ಮಾಡೋದು ಒಂದೇ ಕೆಲಸ, ಹುಟ್ಟು ಹಾಕೋದು ನಿಲ್ಲಿಸಿ ದೋಣಿ ಅಂಚು ಗಟ್ಟಿಯಾಗಿ ಹಿಡ್ಕೊಳ್ಳೋದು, ಬೀಳೋದು ಆಗಲೇ. ಸೊಂಟ ಸಡಿಲ ಬಿಡಿ, ದೋಣಿ ಕೆಳಗಡೆ ಕುಣೀಲಿ, ಮೇಲಿನ ಮೈ ನೆಟ್ಟಗಿರ್ಲಿ, ಕಣ್ಣು ದೂರದ ಗೆರೆ ಮೇಲೆ, ಪ್ಯಾಡಲ್ ಮಾತ್ರ ನಿಲ್ಲಬಾರದು, ಸಣ್ಣ ಸಣ್ಣ ಹುಟ್ಟು, ನೀರಲ್ಲಿರೋ ಪ್ಯಾಡಲ್ಲೇ ನಿಮ್ಮ ಊರುಗೋಲು. ಈ ಕಲಕು ಬಂಡೆಯಿಂದ ಒಂದಿಷ್ಟು ದೂರ ಹೋದಂಗೆ ಕಮ್ಮಿ ಆಗತ್ತೆ, ಹಾಗಾಗಿ ಮೂತಿ ಸುತ್ತೋವಾಗ ಧಾರಾಳ ಹೊರಗಿಂದ ಸುತ್ತಿ, ಒಳಗೆ ಕೊಲ್ಲಿಗೆ ಬಂದ್ಮೇಲೆ ಮತ್ತೆ ದಡ ಹಿಡೀರಿ.

ಬಂಡೆ ಸಂದು, ಗುಹೆ ತರದ ಜಾಗ ನೋಡಿ ಒಳಗೆ ಹೋಗೋಣ ಅನ್ಸತ್ತೆ. ಮೊದಲ ಟ್ರಿಪ್ಪಲ್ಲಿ ಬೇಡ. ಆಮೇಲೆ ಯಾವತ್ತಾದ್ರೂ ಹೋಗೋದಿದ್ರೂ ಹತ್ತು ನಿಮಿಷ ಹೊರಗೆ ನಿಂತು ನೋಡಿ, ತೆರೆ ಗುಂಪಾಗಿ ಬರತ್ತೆ, ಐದಾರು ಸಣ್ಣವು ಹೋದ್ಮೇಲೆ ಎರಡು ಮೂರು ದೊಡ್ಡವು, ಸಣ್ಣ ತೆರೆ ನೋಡಿ ಒಳಗೆ ಹೋದೋರಿಗೆ ದೊಡ್ಡದು ಒಳಗೇ ಸಿಗತ್ತೆ. ಅಣ್ಣ ಹೇಳಿದ ಒಳಗಲ್ಲು ಕಂಡುಹಿಡಿಯೋದೂ ಹೀಗೇ, ನೀರು ಒಂದೇ ಕಡೆ ಆಗಾಗ ಎಣ್ಣೆ ಹಾಕಿದ ಹಾಗೆ ಉಬ್ಬಿ ಸುಳಿ ಬಿಡ್ತಿದ್ರೆ ಅದರ ಕೆಳಗೆ ಕಲ್ಲಿದೆ.

ಗುಂಪು ಚೆದುರಬಾರದು. ಮುಂದೆ ದಾರಿ ಗೊತ್ತಿರೋರು, ಕೊನೇಲಿ ಟೋ ಲೈನ್ ಇರೋರು, ಮಧ್ಯೆ ಹೊಸಬರು ಜೋಡಿ ಜೋಡಿ. ಪ್ರತೀ ಮೂತಿಗೆ ಮುಂಚೆ ನಿಂತು ತಲೆ ಎಣಿಸಿ, ಮೂತಿ ದಾಟಿದ್ಮೇಲೆ ಮತ್ತೆ ಎಣಿಸಿ. ವೇಗ ಯಾವಾಗ್ಲೂ ಕೊನೆಯವರದ್ದು. ಯಾರಾದ್ರೂ ಮಾತು ನಿಲ್ಲಿಸಿ ಸುಮ್ಮನಾದ್ರೆ, ಮುಖ ಬಿಳಿಚಿಕೊಂಡ್ರೆ, ನೀರು ಬೇಡ ಅಂದ್ರೆ, ಅವರಿಗೆ ವಾಂತಿ ಬರ್ತಿದೆ ಇಲ್ಲಾ ಬಿಸಿಲು ಹೊಡೆದಿದೆ ಅಂತ ತಿಳ್ಕೊಂಡು ಪಕ್ಕಕ್ಕೆ ಒಬ್ಬರು ದೋಣಿ ಸೇರಿಸಿ ಹಿಡೀಬೇಕು, ಇನ್ನೊಬ್ಬರು ಎರಡನ್ನೂ ಎಳ್ಕೊಂಡು ಹತ್ತಿರದ ಬೀಚಿಗೆ ಹೋಗ್ಬೇಕು. ಇದರಲ್ಲಿ ನಾಚಿಕೆ ಪಡೋದು ಏನಿಲ್ಲ, ಕ್ಲಬ್ ಇರೋದೇ ಇದಕ್ಕೆ.

ಬಲೆ ನೋಡ್ಕೊಳ್ಳಿ. ಥರ್ಮಾಕೋಲ್ ತುಂಡು, ಖಾಲಿ ಪ್ಲಾಸ್ಟಿಕ್ ಬಾಟಲಿ ಸಾಲಾಗಿ ತೇಲ್ತಿದ್ರೆ ಕೆಳಗೆ ಬಲೆ ಇದೆ, ಸಾಲಿನ ತುದಿ ಸುತ್ತಿ ಹೋಗಿ, ಮೇಲೆ ಹತ್ತಿಸಿದ್ರೆ ದೋಣಿ ತಳದಲ್ಲಿ ಹಿಂದಿರೋ ರೆಕ್ಕೆ ಸ್ಕೆಗ್ಗೋ, ಚುಕ್ಕಾಣಿ ರಡ್ಡರ್ರೋ ಸಿಕ್ಕಿ ಬಲೆ ಹರಿಯತ್ತೆ. ಬೀಚಲ್ಲಿ ರಂಪಣಿ, ಅಂದ್ರೆ ದಡದಿಂದ ಎಳೆಯೋ ದೊಡ್ಡ ಬಲೆ, ಎಳೀತಿದ್ರೆ ಎರಡು ಹಗ್ಗದ ಮಧ್ಯೆ ಹೋಗ್ಲೇಬೇಡಿ, ಆಚೆ ಬೀಚಿಗೆ ಹೋಗಿ ಇಳೀರಿ. ಈ ನೀರಲ್ಲಿ ಗೂನು ಬೆನ್ನಿನ ಡಾಲ್ಫಿನ್ ಇದಾವೆ, ಅಳಿವೆ ಬಾಯಿ ಹತ್ರ ಜಾಸ್ತಿ ಕಾಣತ್ವೆ. ಕಂಡ್ರೆ ಅಟ್ಟಿಸ್ಕೊಂಡು ಹೋಗ್ಬೇಡಿ, ಹುಟ್ಟು ನಿಲ್ಲಿಸಿ ಸುಮ್ಮನೆ ತೇಲ್ತಾ ಇದ್ರೆ ಅವೇ ಒಂದೊಂದು ಸಲ ಹತ್ತಿರ ಬಂದು ಉಸಿರು ಬಿಟ್ಟು ಹೋಗತ್ವೆ, ಆ ಉಸಿರಿನ ಸದ್ದು ಕೇಳಿಸ್ಕೊಳ್ಳೋಕಾದ್ರೂ ಈ ದಾರೀಲಿ ಬರ್ಬೇಕು.

ದಡಕ್ಕೆ ಇಳಿಯೋದು

ಪೆಟ್ಟು ಜಾಸ್ತಿ ಆಗೋದು ಇಲ್ಲಿ, ಬೀಚ್ ಬಂತು ಅಂತ ಎಲ್ಲರೂ ಒಟ್ಟಿಗೆ ನುಗ್ತಾರೆ. ತೆರೆ ಒಡೆಯೋ ಜಾಗದ ಹೊರಗೆ ಎಲ್ಲರೂ ನಿಲ್ಲಿ. ಲೀಡರ್ ಮೊದಲು ಹೋಗಿ ಇಳಿದು, ದಡದಲ್ಲಿ ನಿಂತು ಪ್ಯಾಡಲ್ ಎತ್ತಿದಾಗ ಒಬ್ಬೊಬ್ಬರೇ ಬನ್ನಿ. ದೊಡ್ಡ ತೆರೆ ಗುಂಪು ಹೋದ ತಕ್ಷಣ, ಒಂದು ತೆರೆಯ ಬೆನ್ನು ಹತ್ಕೊಂಡು ಜೋರಾಗಿ ಹುಟ್ಟು ಹಾಕಿ, ಅದರ ಮುಂದಕ್ಕೆ ಹೋಗ್ಬೇಡಿ. ದೋಣಿ ಅಡ್ಡ ತಿರುಗಿಬಿಟ್ರೆ ತೆರೆ ಕಡೆಗೆ ವಾಲಿ, ತೆರೆ ಮೇಲೆ ಪ್ಯಾಡಲ್ ಊರಿ, ದಡದ ಕಡೆ ವಾಲಿದ್ರೆ ಮಗುಚತ್ತೆ. ಇಳಿದ್ಮೇಲೆ ದೋಣಿಗಿಂತ ಸಮುದ್ರದ ಕಡೆಗೇ ನಿಲ್ಲಿ, ದೋಣಿಗೂ ದಡಕ್ಕೂ ಮಧ್ಯೆ ನಿಂತ್ರೆ ಮುಂದಿನ ತೆರೆ ಆ ದೋಣಿನ ನಿಮ್ಮ ಮೊಣಕಾಲಿಗೆ ತಂದು ಹೊಡೆಯತ್ತೆ. ಓಂ ಬೀಚಲ್ಲಿ ಈಜೋರು, ಜೆಟ್ ಸ್ಕೀ, ಟೂರಿಸ್ಟ್ ಬೋಟ್ ಎಲ್ಲಾ ಇರತ್ತೆ, ಜನ ಇಲ್ಲದ ಮೂಲೆ ನೋಡಿ ಇಳೀರಿ.

ಮರಳು ನೀರಲ್ಲಿ ನಡೆಯುವಾಗ ಕಾಲು ಎತ್ತಿ ಇಡದೆ ಎಳೀತಾ ನಡೀರಿ, ಮರಳಲ್ಲಿ ಅಡಗಿರೋ ತೊರಕೆ ಮೀನು (ಸ್ಟಿಂಗ್ ರೇ) ಸರಿದು ಹೋಗತ್ತೆ. ಅದರ ಮುಳ್ಳು ಚುಚ್ಚಿದ್ರೆ ತಡ್ಕೊಳ್ಳೋ ಅಷ್ಟು ಬಿಸಿ ನೀರಲ್ಲಿ ಕಾಲಿಟ್ಟು ಆಸ್ಪತ್ರೆಗೆ ಹೋಗಿ. ಲೋಳೆ ಮೀನು (ಜೆಲ್ಲಿಫಿಶ್) ತಗುಲಿದ್ರೆ ಸಮುದ್ರದ ನೀರಲ್ಲೇ ತೊಳೀರಿ, ಮರಳಲ್ಲಿ ಉಜ್ಬೇಡಿ.

ವಾಪಸ್ ಬರುವಾಗ ಹಿಂದಿನ ಗಾಳಿ ಆರಾಮ ಅನ್ಸಿದ್ರೂ ದೋಣಿ ಮೂತಿ ಗಾಳಿ ಕಡೆಗೇ ತಿರುಗೋಕೆ ಎಳೀತಿರತ್ತೆ. ಸ್ಕೆಗ್ ಸ್ವಲ್ಪ ಸ್ವಲ್ಪ ಇಳಿಸಿ ನೋಡಿ, ನೇರ ಹೋಗೋಕೆ ಶುರುವಾದ ಜಾಗದಲ್ಲಿ ಬಿಡಿ. ಸ್ಕೆಗ್ ಇಲ್ಲಾಂದ್ರೆ ತಿರುಗ್ತಿರೋ ಕಡೆಗೇ ದೋಣಿನ ಸ್ವಲ್ಪ ವಾಲಿಸಿ, ಆ ಕಡೆ ಪ್ಯಾಡಲನ್ನ ಅಗಲವಾಗಿ ಹಾಕಿ, ಸರಿಹೋಗತ್ತೆ. ಹನ್ನೊಂದರ ಒಳಗೆ ಬೇಲೇಕಾನದ ಮರಳಲ್ಲಿ ಇರ್ಬೇಕು.

ದಡ ಹತ್ತಿದ ಕೂಡ್ಲೆ ಮೊದಲ ಕೆಲಸ ಹಾಳೆ ಕೊಟ್ಟಿದ್ದೋರಿಗೂ ಠಾಣೆಗೂ ಫೋನ್ ಮಾಡಿ ಎಲ್ಲರೂ ಬಂದ್ವಿ ಅನ್ನೋದು, ಮರೆತು ಊಟಕ್ಕೆ ಹೋದ್ರೆ ಅಲ್ಲಿ ಯಾರೋ ನಿಮಗೋಸ್ಕರ ಬೋಟ್ ಇಳಿಸ್ತಿರ್ತಾರೆ. ಆಮೇಲೆ ದೋಣಿ, ಪ್ಯಾಡಲಿನ ಜಾಯಿಂಟ್, ಸ್ಕೆಗ್ಗಿನ ಸಂದಿ, ಲೈಫ್ ಜಾಕೆಟ್ ಜಿಪ್ ಎಲ್ಲಾ ಬಾವಿ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ, ಹ್ಯಾಚ್ ಮುಚ್ಚಳ ತೆಗೆದಿಡಿ, ಮುಚ್ಚಿ ಬಿಸಿಲಲ್ಲಿ ಇಟ್ರೆ ಒಳಗಿನ ಗಾಳಿ ಹಿಗ್ಗಿ ರಬ್ಬರ್ ಹಾಳಾಗತ್ತೆ. ತೊಳೆಯುವಾಗಲೇ ಗೀರು, ಬಿರುಕು, ಸವೆದ ಹಗ್ಗ ಏನಿದೆ ನೋಡಿ ಕ್ಲಬ್ಬಿನ ಪುಸ್ತಕದಲ್ಲಿ ದೋಣಿ ನಂಬರ್ ಹಾಕಿ ಬರೆದಿಡಿ, ಮುಂದಿನ ವಾರ ಆ ದೋಣೀಲಿ ಕೂರೋರು ಬೇರೆ ಯಾರೋ ಇರ್ತಾರೆ.